ನಿರ್ಮಿತ ಭಾಷೆಗೆ ಎಷ್ಟು ತರ್ಕಸಂಯೋಜಕಗಳು ಬೇಕು?

ಪ್ರಶ್ನೆ: ನಾನು ಬಿಡುವಿನ ವೇಳೆಯಲ್ಲಿ ಒಂದು ಕೃತಕ ಭಾಷೆಯನ್ನು ಕಟ್ಟುತ್ತಿದ್ದೇನೆ. ಅದರ ಯಾವ ವಾಕ್ಯಕ್ಕೂ ಎರಡು ಅರ್ಥ ಬರಬಾರದು ಎಂಬುದು ನನ್ನ ಗುರಿ. ಅದಕ್ಕಾಗಿ ಎರಡು ವಾಕ್ಯಗಳ ನಡುವೆ ಸಾಧ್ಯವಿರುವ ಹದಿನಾರು ಸತ್ಯಕೋಷ್ಟಕಗಳಿಗೂ (ಬಿಡಿ ವಾಕ್ಯಗಳು ನಿಜವೋ ಸುಳ್ಳೋ ಎಂಬುದರಿಂದ ಜೋಡಿಸಿದ ವಾಕ್ಯ ನಿಜವೋ ಸುಳ್ಳೋ ಎಂದು ತೋರಿಸುವ ಪಟ್ಟಿಗಳಿಗೂ) ಒಂದೊಂದು ಪದ ಕೊಟ್ಟಿದ್ದೇನೆ. ಆದರೆ ಭಾಷೆ ಕಲಿಯಲು ಒಪ್ಪಿದ ಇಬ್ಬರು ಗೆಳೆಯರು ಮೂರು ನಾಲ್ಕು ಪದಗಳನ್ನಷ್ಟೇ ಬಳಸುತ್ತಾರೆ, ಉಳಿದವನ್ನು ಮರೆಯುತ್ತಾರೆ ಇಲ್ಲವೇ ಅದಲುಬದಲು ಮಾಡುತ್ತಾರೆ. ಇಷ್ಟೆಲ್ಲ ಪದಗಳಿದ್ದೂ ‘ಬಾಗಿಲು ತೆರೆದಿದೆ ಅಥವಾ ದೀಪ ಉರಿಯುತ್ತಿದೆ ಮತ್ತು ಕಾವಲುಗಾರನಿಲ್ಲ’ ಎಂಬ ವಾಕ್ಯವನ್ನು ಅವರಿಬ್ಬರೂ ಬೇರೆ ಬೇರೆಯಾಗಿ ತಿಳಿದುಕೊಂಡರು. ‘ಹೀಗಾದರೆ ಹಾಗೆ’ ಎನ್ನುವುದಕ್ಕೆ ತರ್ಕಶಾಸ್ತ್ರದ ಕೋಷ್ಟಕವನ್ನೇ ಕೊಟ್ಟಿದ್ದರಿಂದ ಅಸಂಬದ್ಧ ವಾಕ್ಯಗಳೆಲ್ಲ ನಿಜವಾಗುತ್ತಿವೆ. ನಾನು ಸಹಜ ಭಾಷೆಯ ಸಡಿಲತೆಗೇ ಮರಳಬೇಕೇ? ಅಥವಾ ನನ್ನ ವ್ಯವಸ್ಥೆಯಲ್ಲಿ ಏನಾದರೂ ತಪ್ಪಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಡಕುಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಪದಗಳ ಸಂಖ್ಯೆ, ವಾಕ್ಯದೊಳಗಿನ ಗುಂಪುಗೂಡಿಕೆ ಮತ್ತು ಷರತ್ತಿನ ಅರ್ಥ. ಗೆಳೆಯರು ಪದಗಳನ್ನು ಮರೆಯುವುದಕ್ಕೂ ಬಾಗಿಲು–ದೀಪದ ವಾಕ್ಯ ಒಡೆದುಹೋದುದಕ್ಕೂ ಕಾರಣ ಒಂದೇ ಎಂದು ನೀವು ಭಾವಿಸಿದಂತಿದೆ, ಆದರೆ ಅವೆರಡಕ್ಕೂ ಸಂಬಂಧವಿಲ್ಲ. ನಿಮ್ಮ ಭಾಷೆ ನಿಖರವಾಗಲು ‘ಮತ್ತು’, ‘ಅಥವಾ’ದಂಥ ಸಂಯೋಜಕಗಳು ಹೆಚ್ಚಬೇಕಾಗಿಲ್ಲ. ‘ಇಲ್ಲ’, ‘ಅಲ್ಲ’ ಎಂಬ ನಿಷೇಧ ಎಲ್ಲಿಯವರೆಗೆ ಚಾಚುತ್ತದೆ, ಯಾವ ತುಂಡು ಯಾವುದರ ಜೊತೆ ಸೇರುತ್ತದೆ ಎಂಬುದನ್ನು ತೋರಿಸುವ ಗುರುತುಗಳು ಗಟ್ಟಿಯಾಗಬೇಕು. ಇಂಥ ಭಾಷೆಗಳ ವ್ಯಾಕರಣದ ಕರಡುಗಳನ್ನು ಓದಿ ಸಲಹೆ ಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದೂ ಇದನ್ನೇ: ಕಟ್ಟುವವರ ಶ್ರಮ ಪದಪಟ್ಟಿಗೆ ಸಂದಾಯವಾಗುತ್ತದೆ, ಗೊಂದಲ ಮಾತ್ರ ವಾಕ್ಯರಚನೆಯಲ್ಲಿ ಉಳಿದುಬಿಡುತ್ತದೆ.

ಮೊದಲು ಆ ಹದಿನಾರನ್ನು ಹತ್ತಿರದಿಂದ ನೋಡೋಣ. ಎರಡು ವಾಕ್ಯಗಳು ನಿಜ ಅಥವಾ ಸುಳ್ಳಾಗಬಹುದಾದ್ದರಿಂದ ಕೋಷ್ಟಕದಲ್ಲಿ ನಾಲ್ಕು ಸಾಲುಗಳು; ಪ್ರತಿ ಸಾಲಿಗೆ ಎರಡು ಉತ್ತರಗಳು ಸಾಧ್ಯವಾದ್ದರಿಂದ ಒಟ್ಟು ಹದಿನಾರು ಕೋಷ್ಟಕಗಳು. ಇವುಗಳಲ್ಲಿ ಎರಡು ಯಾವಾಗಲೂ ನಿಜ ಅಥವಾ ಯಾವಾಗಲೂ ಸುಳ್ಳು. ಅವು ಎರಡು ವಾಕ್ಯಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನು ನಾಲ್ಕು ಕೋಷ್ಟಕಗಳು ಒಂದೇ ವಾಕ್ಯವನ್ನು ಅವಲಂಬಿಸಿವೆ: ಮೊದಲನೆಯದು ನಿಜ, ಮೊದಲನೆಯದು ಸುಳ್ಳು, ಎರಡನೆಯದು ನಿಜ, ಎರಡನೆಯದು ಸುಳ್ಳು. ಹಾಗಾಗಿ ನಿಜವಾದ ಅರ್ಥದಲ್ಲಿ ಎರಡನ್ನೂ ಜೋಡಿಸುವವು ಉಳಿದ ಹತ್ತು ಮಾತ್ರ. ಆ ಹತ್ತೂ ಮೂರು ಕುಟುಂಬಗಳಿಗೆ ಸೇರುತ್ತವೆ. ‘ಮತ್ತು’ವಿನ ಕುಟುಂಬದಲ್ಲಿ ನಾಲ್ಕು, ‘ಅಥವಾ’ದ ಕುಟುಂಬದಲ್ಲಿ ನಾಲ್ಕು, ‘ಎರಡೂ ಒಂದೇ ಬಗೆ’ ಎಂಬ ಸಮತೆಯ ಕುಟುಂಬದಲ್ಲಿ ಎರಡು. ಒಂದು ಕುಟುಂಬದ ಸದಸ್ಯರ ನಡುವಿನ ವ್ಯತ್ಯಾಸವೆಲ್ಲ ಯಾವ ವಾಕ್ಯದ ಮೇಲೆ ನಿಷೇಧ ಬಿದ್ದಿದೆ ಎಂಬುದಷ್ಟೇ. ನಿಮ್ಮ ಗೆಳೆಯರು ಪದಗಳನ್ನು ಅದಲುಬದಲು ಮಾಡಿದ್ದು ಇದರಿಂದಲೇ ಇರಬೇಕು. ಸಂಬಂಧವಿರುವ ಅರ್ಥಗಳಿಗೆ ನೀವು ಸಂಬಂಧವಿಲ್ಲದ ಧ್ವನಿಗಳನ್ನು ಕೊಟ್ಟಿದ್ದೀರಿ, ನೆನಪಿಗೆ ಹಿಡಿಕೆ ಸಿಕ್ಕಿಲ್ಲ.

ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಆರಂಭಿಸಿದ ಲಾಗ್ಲಾನ್ ಮತ್ತು ಅದರಿಂದ 1987ರಲ್ಲಿ ಕವಲೊಡೆದ ಲೋಜ್ಬಾನ್ ಎಂಬ ಕೃತಕ ಭಾಷೆಗಳು ಈ ಸಮಸ್ಯೆಯನ್ನು ಎದುರಿಸಿ ಒಂದು ಅಚ್ಚುಕಟ್ಟಾದ ದಾರಿ ಕಂಡುಕೊಂಡಿವೆ. ಲೋಜ್ಬಾನ್‌ನಲ್ಲಿ ಸಂಯೋಜಕಗಳಿಗೆ ನಾಲ್ಕೇ ಸ್ವರಗಳು: ‘ಆ’ ಎಂದರೆ ಅಥವಾ, ‘ಎ’ ಎಂದರೆ ಮತ್ತು, ‘ಒ’ ಎಂದರೆ ಎರಡೂ ಒಂದೇ ಬಗೆ, ‘ಉ’ ಎಂದರೆ ಎರಡನೆಯದು ಹೇಗಿದ್ದರೂ ಮೊದಲನೆಯದು ನಿಜ. ಮೊದಲ ಭಾಗವನ್ನು ನಿರಾಕರಿಸಲು ಸ್ವರಕ್ಕೆ ಮೊದಲು ‘ನ’, ಎರಡನೆಯದನ್ನು ನಿರಾಕರಿಸಲು ಸ್ವರದ ನಂತರ ‘ನಾಯ್’, ಸ್ಥಾನ ಬದಲಿಸಲು ‘ಸೆ’ ಸೇರಿಸಿದರೆ ಹದಿನಾಲ್ಕು ಕೋಷ್ಟಕಗಳು ಸಿದ್ಧ. ಪ್ರಯೋಜನವಿಲ್ಲದ ಆ ಎರಡನ್ನು ಮಾತ್ರ ಅದು ಬಿಟ್ಟಿದೆ. ವಾಕ್ಯಗಳ ನಡುವೆ, ನಾಮಪದಗಳ ನಡುವೆ, ಕ್ರಿಯಾಭಾಗಗಳ ನಡುವೆ ಬರುವಾಗ ಸುತ್ತಲಿನ ವ್ಯಂಜನ ಬದಲಾದರೂ ಸ್ವರ ಬದಲಾಗುವುದಿಲ್ಲ. ಕಲಿಯುವವರು ಒಂದು ಸಲ ಸ್ವರವನ್ನು ಹಿಡಿದರೆ ಎಲ್ಲ ಕಡೆಯೂ ದಾರಿ ಸಿಗುತ್ತದೆ. ಆದರೂ ಈ ಆಯ್ಕೆಗೆ ಅಪಾಯ ಇಲ್ಲದಿಲ್ಲ: ಒಂದೇ ಸ್ವರದ ವ್ಯತ್ಯಾಸದ ಮೇಲೆ ಇಡೀ ವಾಕ್ಯದ ಅರ್ಥ ನಿಂತಿರುವುದರಿಂದ ಗದ್ದಲದಲ್ಲಿ ಕೇಳಿಸಿಕೊಳ್ಳುವವರಿಗೆ ‘ಆ’ ಮತ್ತು ‘ಎ’ ತಪ್ಪಿಹೋಗಬಹುದು. ಈ ಮಾದರಿಯನ್ನು ಅನುಸರಿಸುವುದಾದರೆ ದೂರದ ಧ್ವನಿಗಳನ್ನು ಆರಿಸಿಕೊಳ್ಳಿ.

ಇದಕ್ಕೆ ವಿರುದ್ಧ ದಿಕ್ಕಿನ ಆಕರ್ಷಣೆಯೂ ಇದೆ. ಒಂದೇ ಸಂಯೋಜಕದಿಂದ ಉಳಿದೆಲ್ಲವನ್ನೂ ಕಟ್ಟಬಹುದೆಂದು ತರ್ಕಶಾಸ್ತ್ರಜ್ಞ ಹೆನ್ರಿ ಶೆಫರ್ 1913ರಲ್ಲಿ ಪ್ರಕಟಿಸಿದರು; ಇಂದು ಅವರ ಹೆಸರಿನಲ್ಲಿರುವ ‘ಎರಡೂ ಒಟ್ಟಿಗೆ ನಿಜವಲ್ಲ’ ಎಂಬುದು ಅಂಥದ್ದು. ಗಣಿತದ ದೃಷ್ಟಿಯಿಂದ ಅದು ಸುಂದರ, ವಿದ್ಯುನ್ಮಂಡಲಗಳಿಗೂ ಹೊಂದುತ್ತದೆ. ಮಾತಿಗೆ ಮಾತ್ರ ಅದು ಒಗ್ಗುವುದಿಲ್ಲ. ಆ ಒಂದೇ ಪದದಿಂದ ‘ಇದು ಮತ್ತು ಅದು’ ಎನ್ನಬೇಕಾದರೆ ಪೂರ್ತಿ ಜೋಡಣೆಯನ್ನು ಎರಡು ಸಲ ಹೇಳಿ, ಆ ಎರಡನ್ನೂ ಮತ್ತೆ ಅದೇ ಪದದಿಂದ ಜೋಡಿಸಬೇಕು. ಕೇಳುವವರು ಮಧ್ಯದಲ್ಲೇ ಎಳೆ ಕಳೆದುಕೊಳ್ಳುತ್ತಾರೆ. ‘ಎರಡೂ ಅಲ್ಲ’, ಅಂದರೆ ಇದೂ ಇಲ್ಲ ಅದೂ ಇಲ್ಲ ಎಂಬುದಕ್ಕೆ ಹಲವು ಸಹಜ ಭಾಷೆಗಳಲ್ಲಿ ಒಂದೇ ಪದವಿದೆ. ಕೃತಕ ಭಾಷೆಯಾದ ಎಸ್ಪೆರಾಂಟೊದ ‘ನೆಕ್’ ಕೂಡ ಅಂಥದ್ದೇ. ಆದರೆ ಶೆಫರ್‌ರ ಆ ‘ಎರಡೂ ಒಟ್ಟಿಗೆ ನಿಜವಲ್ಲ’ ಎಂಬುದಕ್ಕೆ ಒಂದೇ ಪದವಿರುವ ಸಹಜ ಭಾಷೆ ಕಾಣಸಿಗುವುದಿಲ್ಲ ಎಂದು ಭಾಷಾವಿಜ್ಞಾನಿ ಲಾರೆನ್ಸ್ ಹಾರ್ನ್ 1972ರಲ್ಲಿ ಗಮನಕ್ಕೆ ತಂದರು. ಮನುಷ್ಯರು ‘ಇವುಗಳಲ್ಲಿ ಒಂದು’ ಎಂದಾಗಲೇ ‘ಬಹುಶಃ ಎರಡೂ ಅಲ್ಲ’ ಎಂಬ ಸೂಚನೆ ಕೇಳುವವರಿಗೆ ತಲುಪಿಬಿಡುವುದರಿಂದ ಅದಕ್ಕೆ ಬೇರೆ ಪದದ ಅಗತ್ಯ ಬೀಳುವುದಿಲ್ಲ ಎಂಬುದು ಅವರ ವಿವರಣೆಯ ತಿರುಳು. ನಿಮ್ಮ ಗೆಳೆಯರು ಮೂರು ನಾಲ್ಕು ಪದಗಳಿಗೇ ಅಂಟಿಕೊಂಡಿದ್ದನ್ನು ಸೋಮಾರಿತನವೆಂದು ತಿಳಿಯಬೇಡಿ. ಲೋಕದ ಭಾಷೆಗಳೆಲ್ಲ ಹಿಡಿದ ದಾರಿಯನ್ನೇ ಅವರು ಹಿಡಿದಿದ್ದಾರೆ.

ಈ ಮಾತಿನಿಂದ ‘ಅಥವಾ’ದ ಬಗೆಗಿನ ಹಳೆಯ ನಂಬಿಕೆಯೊಂದಕ್ಕೆ ಬರುತ್ತೇನೆ. ಸಹಜ ಭಾಷೆಯ ‘ಅಥವಾ’ಕ್ಕೆ ‘ಕನಿಷ್ಠ ಒಂದು’ ಮತ್ತು ‘ಒಂದೇ ಒಂದು’ ಎಂಬ ಎರಡು ಅರ್ಥಗಳಿವೆ, ಆದ್ದರಿಂದ ಅದು ದ್ವಂದ್ವಾರ್ಥದ ಪದ ಎನ್ನುವವರು ಬಹಳ. ಪರೀಕ್ಷಿಸಿ ನೋಡಿ. ‘ಹಾಡಲು ಅಥವಾ ಕುಣಿಯಲು ಬರುವವರು ಕೈ ಎತ್ತಿ’ ಎಂದರೆ ಎರಡೂ ಬರುವವರು ಕೈ ಕೆಳಗಿಟ್ಟುಕೊಂಡು ಕೂರುವುದಿಲ್ಲ. ಅಂದರೆ ಪದದ ಅರ್ಥ ‘ಕನಿಷ್ಠ ಒಂದು’ ಎಂಬುದೇ. ‘ಅವಳು ಮನೆಯಲ್ಲಿದ್ದಾಳೆ ಅಥವಾ ಕಚೇರಿಯಲ್ಲಿದ್ದಾಳೆ’ ಎಂದಾಗ ‘ಒಂದೇ ಒಂದು’ ಎನಿಸುವುದು ಒಬ್ಬಳು ಎರಡು ಕಡೆ ಇರಲಾರಳು ಎಂಬ ಲೋಕಜ್ಞಾನದಿಂದ. ಬೇರೆ ಸಂದರ್ಭಗಳಲ್ಲಿ ಅದು ಹುಟ್ಟುವುದು, ಎರಡೂ ನಿಜವಾಗಿದ್ದರೆ ಮಾತಾಡುವವರು ‘ಮತ್ತು’ ಎಂದೇ ಹೇಳುತ್ತಿದ್ದರು ಎಂಬ ನಮ್ಮ ಊಹೆಯಿಂದ. ಪದದ ಅರ್ಥ ಬೇರೆ, ಮಾತಿನಿಂದ ನಾವು ತೆಗೆಯುವ ಸೂಚನೆ ಬೇರೆ ಎಂಬ ಈ ವಿಂಗಡಣೆಯನ್ನು 1967ರ ಉಪನ್ಯಾಸಗಳಲ್ಲಿ ವಿಶದಪಡಿಸಿದವರು ತತ್ತ್ವಜ್ಞಾನಿ ಪಾಲ್ ಗ್ರೈಸ್. ಈ ಊಹೆಗಳನ್ನು ನಿಮ್ಮ ಭಾಷೆಯೂ ತಡೆಯಲಾರದು. ಮಾತಾಡುವವರು ಮನುಷ್ಯರಾಗಿರುವವರೆಗೆ ಅವು ಹುಟ್ಟುತ್ತಲೇ ಇರುತ್ತವೆ. ವ್ಯಾಕರಣ ನಿರ್ಧರಿಸಬಹುದಾದದ್ದು ಪದದ ಅರ್ಥವನ್ನು ಮಾತ್ರ.

ಹಾಗಾದರೆ ‘ಒಂದೇ ಒಂದು’ ಎಂಬುದಕ್ಕೆ ಬೇರೆ ಪದ ಇಟ್ಟುಕೊಳ್ಳಬಹುದೇ? ಎರಡೇ ಆಯ್ಕೆಗಳಿದ್ದಾಗ ತೊಂದರೆಯಿಲ್ಲ. ಮೂರಾದಾಗ ಒಂದು ಗುಂಡಿ ಇದೆ, ಅದರಲ್ಲಿ ಬಿದ್ದ ಕರಡುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ‘ಎರಡರಲ್ಲಿ ಒಂದೇ’ ಎಂಬ ಸಂಯೋಜಕದಿಂದ ಕೆಂಪು, ಹಸಿರು, ನೀಲಿ ದೀಪಗಳನ್ನು ಸಾಲಾಗಿ ಜೋಡಿಸಿ, ಮೂರೂ ಉರಿಯುತ್ತಿವೆ ಎಂದುಕೊಳ್ಳಿ. ಕೆಂಪು ಮತ್ತು ಹಸಿರು ಎರಡೂ ಉರಿಯುತ್ತಿರುವುದರಿಂದ ಮೊದಲ ಜೋಡಿ ಸುಳ್ಳು. ಆ ಸುಳ್ಳನ್ನು ನೀಲಿಯ ನಿಜದೊಂದಿಗೆ ಜೋಡಿಸಿದರೆ ಒಂದು ಸುಳ್ಳು, ಒಂದು ನಿಜ. ಒಟ್ಟು ವಾಕ್ಯ ನಿಜ. ಅಂದರೆ ಮೂರೂ ಉರಿಯುತ್ತಿರುವಾಗ ‘ಒಂದೇ ಉರಿಯುತ್ತಿದೆ’ ಎಂದು ನಿಮ್ಮ ವ್ಯಾಕರಣ ಒಪ್ಪಿಕೊಳ್ಳುತ್ತದೆ. ಸಾಲು ಜೋಡಣೆ ಲೆಕ್ಕ ಹಾಕುವುದು ಉರಿಯುವ ದೀಪಗಳ ಸಂಖ್ಯೆ ಬೆಸವೇ ಎಂಬುದನ್ನಷ್ಟೇ. ಆದ್ದರಿಂದ ‘ಒಂದೇ ಒಂದು’ ಎಂಬ ಅರ್ಥವನ್ನು ಸಂಯೋಜಕಕ್ಕೆ ಹೊರಿಸದೆ, ಪಟ್ಟಿಯ ಮುಂದೆ ಬರುವ ಸಂಖ್ಯಾವಾಚಕಕ್ಕೆ ಕೊಡಿ: ‘ಇವುಗಳಲ್ಲಿ ಸರಿಯಾಗಿ ಒಂದು’, ‘ಇವುಗಳಲ್ಲಿ ಹೆಚ್ಚೆಂದರೆ ಎರಡು’. ಅದು ಎಷ್ಟು ಉದ್ದದ ಪಟ್ಟಿಗೂ ನಡೆಯುತ್ತದೆ.

ಈಗ ನಿಮ್ಮ ಬಾಗಿಲು–ದೀಪದ ವಾಕ್ಯ. ಒಬ್ಬ ಗೆಳೆಯರು ‘ಬಾಗಿಲು ತೆರೆದಿದೆ, ಅದಿಲ್ಲದಿದ್ದರೆ, ದೀಪ ಉರಿಯುತ್ತಿದೆ ಮತ್ತು ಕಾವಲುಗಾರನೂ ಇಲ್ಲ’ ಎಂದು ತಿಳಿದಿರಬೇಕು, ಇನ್ನೊಬ್ಬರು ‘ಬಾಗಿಲು, ದೀಪ ಇವೆರಡರಲ್ಲಿ ಒಂದಾದರೂ ಸರಿ, ಹೇಗಿದ್ದರೂ ಕಾವಲುಗಾರನಿಲ್ಲ’ ಎಂದು. ಬಾಗಿಲು ತೆರೆದಿದ್ದು ಕಾವಲುಗಾರ ಒಳಗೇ ನಿಂತಿದ್ದರೆ ಮೊದಲ ಓದಿನಲ್ಲಿ ವಾಕ್ಯ ನಿಜ, ಎರಡನೆಯದರಲ್ಲಿ ಸುಳ್ಳು. ಹದಿನಾರು ಪದಗಳಲ್ಲ, ನೂರು ಪದಗಳಿದ್ದರೂ ಈ ಬಿರುಕು ಮುಚ್ಚುವುದಿಲ್ಲ.

ಇದಕ್ಕೆ ಮೂರು ಪರಿಹಾರಗಳು ಬಳಕೆಯಲ್ಲಿವೆ. ಮೊದಲನೆಯದು ಗಣಿತದಂತೆ ಆದ್ಯತೆಯ ನಿಯಮ ಮಾಡುವುದು, ‘ಮತ್ತು’ ಯಾವಾಗಲೂ ‘ಅಥವಾ’ಕ್ಕಿಂತ ಬಿಗಿಯಾಗಿ ಕಟ್ಟುತ್ತದೆ ಎಂದು. ಕಾಗದದ ಮೇಲೆ ಇದು ಸುಲಭ, ಮಾತಿನಲ್ಲಿ ಅಪಾಯಕಾರಿ. ಏಕೆಂದರೆ ಮಾತಾಡುವವರು ಉಸಿರಿನ ನಿಲುಗಡೆಯಿಂದ ಗುಂಪು ಮಾಡುತ್ತಾರೆ, ನಿಯಮವನ್ನು ಮರೆಯುತ್ತಾರೆ, ತಪ್ಪಾಗಿದೆಯೆಂಬ ಸುಳಿವೂ ಯಾರಿಗೂ ಸಿಗುವುದಿಲ್ಲ. ಎರಡನೆಯದು ಸಂಯೋಜಕವನ್ನು ಮುಂದಿಡುವುದು. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸೆವಿಚ್ 1920ರ ದಶಕದಲ್ಲಿ ಆವರಣಚಿಹ್ನೆಗಳೇ ಬೇಡದ ಬರಹಕ್ರಮವನ್ನು ಹೀಗೆಯೇ ರೂಪಿಸಿದರು: ‘ಅಥವಾ, ಬಾಗಿಲು ತೆರೆದಿದೆ, ಮತ್ತು, ದೀಪ ಉರಿಯುತ್ತಿದೆ, ಕಾವಲುಗಾರನಿಲ್ಲ’. ಗುಂಪು ತಾನಾಗಿ ಸ್ಪಷ್ಟವಾಗುತ್ತದೆ, ಆದರೆ ಮಾತಾಡುವವರು ವಾಕ್ಯದ ಪೂರ್ತಿ ರೂಪವನ್ನು ಬಾಯಿ ತೆರೆಯುವ ಮೊದಲೇ ಯೋಚಿಸಿರಬೇಕು. ಮೂರನೆಯದು ಉಚ್ಚರಿಸಬಹುದಾದ ಆವರಣಗಳು. ಲೋಜ್ಬಾನ್‌ನಲ್ಲಿ ಗುಂಪನ್ನು ‘ಕೆ’ ತೆರೆಯುತ್ತದೆ, ‘ಕೆಹೆ’ ಮುಚ್ಚುತ್ತದೆ. ಪಕ್ಕದ ಎರಡನ್ನು ಬಿಗಿಯಾಗಿ ಕಟ್ಟಲು ‘ಬೊ’ ಇದೆ. ಏನೂ ಹೇಳದಿದ್ದರೆ ಎಡದಿಂದ ಗುಂಪಾಗುತ್ತದೆ. ನನ್ನ ಸಲಹೆ ಇವುಗಳ ನಡುವಿನದು. ಎರಡು ಬೇರೆ ಸಂಯೋಜಕಗಳು ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಬರುವುದನ್ನು ವ್ಯಾಕರಣದಲ್ಲೇ ನಿಷೇಧಿಸಿ. ಬರಬೇಕಾದರೆ ಒಂದು ಗುಂಪನ್ನು ತೆರೆಯುವ ಪದ ಕಡ್ಡಾಯ. ಆಗ ‘ಇದು ಅಥವಾ ಅದು ಮತ್ತು ಇನ್ನೊಂದು’ ಎಂಬುದು ಎರಡರ್ಥದ ವಾಕ್ಯವಾಗುವುದಿಲ್ಲ, ವಾಕ್ಯವೇ ಆಗುವುದಿಲ್ಲ. ಕೇಳುವವರು ಕೂಡಲೇ ತಡೆದು ಕೇಳುತ್ತಾರೆ.

ನಿಷೇಧದ ವ್ಯಾಪ್ತಿಯೂ ಇಷ್ಟೇ ಮುಖ್ಯ, ಮತ್ತು ಇಲ್ಲಿ ಕನ್ನಡವೇ ನಿಮಗೆ ಒಳ್ಳೆಯ ಗುರು. ‘ಅವಳಿಗೆ ಓದಲೂ ಬರೆಯಲೂ ಬರುವುದಿಲ್ಲ’ ಎಂದರೆ ಎರಡೂ ಇಲ್ಲ. ‘ಅವಳಿಗೆ ಓದು, ಬರಹ ಎರಡೂ ಬರುತ್ತವೆ ಎಂದೇನಿಲ್ಲ’ ಎಂದರೆ ಒಂದಾದರೂ ಬಾರದಿರಬಹುದು. ಎರಡನೆಯ ವಾಕ್ಯದಲ್ಲಿ ‘ಎಂದೇನಿಲ್ಲ’ ಎಂಬುದು ಇಡೀ ಜೋಡಣೆಯ ಹೊರಗೆ ನಿಂತು ಅದನ್ನು ನಿರಾಕರಿಸುತ್ತದೆ. ಭಾಷೆಗಳು ಇದರಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನಿಷೇಧವಾಕ್ಯದಲ್ಲಿ ‘ಅಥವಾ’ ಬಂದರೆ ಇಂಗ್ಲಿಷಿನವರು ಸಾಮಾನ್ಯವಾಗಿ ‘ಎರಡೂ ಇಲ್ಲ’ ಎಂದು ತಿಳಿಯುತ್ತಾರೆ, ಜಪಾನಿ ಮತ್ತು ಹಂಗೇರಿಯನ್ ಭಾಷಿಕರು ‘ಎರಡರಲ್ಲಿ ಒಂದು ಇಲ್ಲ’ ಎಂದು. ನಿಮ್ಮ ಗೆಳೆಯರು ತಮ್ಮ ಮಾತೃಭಾಷೆಯ ಅಭ್ಯಾಸವನ್ನು ನಿಮ್ಮ ಭಾಷೆಗೆ ತಂದೇ ತರುತ್ತಾರೆ, ಆದ್ದರಿಂದ ‘ಒಳಗಿನ ಇಲ್ಲ’ ಮತ್ತು ‘ಹೊರಗಿನ ಇಲ್ಲ’ ಎಂಬ ಎರಡು ಬೇರೆ ರೂಪಗಳನ್ನು ಕೊಡಿ. ಸಂಯೋಜಕಗಳಲ್ಲಿ ಉಳಿಸಿದ ಪದಗಳನ್ನು ಇಲ್ಲಿ ಖರ್ಚು ಮಾಡಿ.

ಕನ್ನಡದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಮ್ಮ ಸಮುಚ್ಚಯದ ‘ಊ’ ಮತ್ತು ವಿಕಲ್ಪದ ‘ಓ’ ಪ್ರತ್ಯಯಗಳು ನಾಮಪದಗಳನ್ನು ಜೋಡಿಸುವುದರ ಜೊತೆಗೆ ಪ್ರಶ್ನಾರ್ಥಕಗಳಿಗೂ ‘ಎಲ್ಲ’ದಂಥ ಪದಗಳಿಗೂ ಹತ್ತುತ್ತವೆ: ‘ಅವನೋ ಇವನೋ’ ಎಂಬ ‘ಓ’ದಿಂದ ‘ಯಾರೋ’, ‘ಎಲ್ಲೋ’, ‘ಏನೋ’, ‘ಅವನೂ ಇವನೂ’ ಎಂಬ ‘ಊ’ದಿಂದ ‘ಎಲ್ಲರೂ’, ಮತ್ತು ನಿಷೇಧದೊಂದಿಗೆ ‘ಯಾರೂ ಇಲ್ಲ’. ಇದು ಆಕಸ್ಮಿಕವಲ್ಲ. ‘ಎಲ್ಲರೂ’ ಎಂಬುದು ಕೊನೆಯಿಲ್ಲದ ‘ಮತ್ತು’, ‘ಯಾರೋ’ ಎಂಬುದು ಕೊನೆಯಿಲ್ಲದ ‘ಅಥವಾ’. ಮಲಯಾಳ, ಜಪಾನಿ ಭಾಷೆಗಳಲ್ಲೂ ಇದೇ ಬಗೆಯ ಏರ್ಪಾಡಿದೆ. ಎರಡು ಧಾತುಗಳಿಂದ ಸಂಯೋಜಕಗಳನ್ನೂ ಪರಿಮಾಣವಾಚಕಗಳನ್ನೂ ಒಟ್ಟಿಗೆ ಪಡೆಯುವ ಈ ಮಿತವ್ಯಯವನ್ನು ನಿಮ್ಮ ಭಾಷೆಯೂ ಧಾರಾಳವಾಗಿ ಅಳವಡಿಸಿಕೊಳ್ಳಬಹುದು.

ಷರತ್ತಿನ ವಿಷಯದಲ್ಲಿ ನಿಮ್ಮ ಅಸಮಾಧಾನ ಪೂರ್ತಿ ಸರಿ. ತರ್ಕಶಾಸ್ತ್ರದ ಕೋಷ್ಟಕದ ಪ್ರಕಾರ ಮೊದಲ ಭಾಗ ನಿಜವಾಗಿ ಎರಡನೆಯದು ಸುಳ್ಳಾದಾಗ ಮಾತ್ರ ಷರತ್ತು ಸುಳ್ಳು. ಹೀಗಾಗಿ ‘ಎರಡಕ್ಕೆ ಎರಡು ಕೂಡಿ ಐದಾದರೆ ಸಮುದ್ರದ ನೀರು ಸಿಹಿ’ ಎಂಬುದು ನಿಜವಾಗುತ್ತದೆ. ನಿರಾಕರಣೆಯಲ್ಲಂತೂ ತೊಂದರೆ ಇನ್ನೂ ಹೆಚ್ಚು. ‘ಮಳೆ ಬಂದರೆ ನದಿ ಉಕ್ಕುತ್ತದೆ ಎಂಬುದು ಸುಳ್ಳು’ ಎಂದು ಯಾರಾದರೂ ಹೇಳಿದರೆ ಕೋಷ್ಟಕದ ಲೆಕ್ಕದಲ್ಲಿ ಅವರು ‘ಮಳೆ ಬರುತ್ತಿದೆ, ನದಿ ಉಕ್ಕುತ್ತಿಲ್ಲ’ ಎಂದು ಸಾಧಿಸಿದಂತಾಯಿತು. ಮಳೆ ಬರುತ್ತಿದೆ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ.

ಇದಕ್ಕೆ ಮೂಲ ಕಾರಣ, ‘ಬಂದರೆ’ ಎಂಬುದನ್ನು ‘ಮತ್ತು’, ‘ಅಥವಾ’ಗಳ ಸಾಲಿನ ಸಂಯೋಜಕವೆಂದು ಎಣಿಸುವುದು. ‘ಮಳೆ ಬಂದರೆ ಸಾಮಾನ್ಯವಾಗಿ ನದಿ ಉಕ್ಕುತ್ತದೆ’ ಎಂಬುದನ್ನು ನೋಡಿ. ಕೋಷ್ಟಕವನ್ನು ಅನುಸರಿಸಿ ಇದನ್ನು ‘ಸಾಮಾನ್ಯವಾಗಿ, ಮಳೆ ಇಲ್ಲ ಅಥವಾ ನದಿ ಉಕ್ಕುತ್ತದೆ’ ಎಂದು ಬಿಡಿಸಿದರೆ, ಮಳೆಯೇ ಅಪರೂಪವಾದ ಪ್ರದೇಶದಲ್ಲಿ ನದಿ ಒಂದು ಸಲವೂ ಉಕ್ಕದಿದ್ದರೂ ವಾಕ್ಯ ನಿಜ, ಏಕೆಂದರೆ ಹೆಚ್ಚಿನ ದಿನಗಳಲ್ಲಿ ಮಳೆಯೇ ಇಲ್ಲ. ನಾವು ಹೇಳಲು ಹೊರಟದ್ದು ಅದಲ್ಲ. ಮಳೆಯ ದಿನಗಳನ್ನಷ್ಟೇ ಎದುರಿಗಿಟ್ಟುಕೊಂಡು ಅವುಗಳಲ್ಲಿ ಹೆಚ್ಚಿನವುಗಳಲ್ಲಿ ನದಿ ಉಕ್ಕುತ್ತದೆ ಎಂದು. ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1975ರಲ್ಲಿ ಇಂಥ ವಾಕ್ಯಗಳಿಗೆ ಈ ವಿವರಣೆಯನ್ನು ಕೊಟ್ಟರು, ಭಾಷಾವಿಜ್ಞಾನಿ ಆಂಜೆಲಿಕಾ ಕ್ರಾಟ್ಸರ್ ಅದನ್ನು ಎಲ್ಲ ಷರತ್ತುಗಳಿಗೂ ವಿಸ್ತರಿಸಿದರು: ಷರತ್ತು ಎಂಬುದು ‘ಯಾವಾಗಲೂ’, ‘ಸಾಮಾನ್ಯವಾಗಿ’, ‘ಇರಬಹುದು’, ‘ಇರಲೇಬೇಕು’ ಎಂಬ ಮಾತುಗಳು ಓಡಾಡುವ ಕ್ಷೇತ್ರಕ್ಕೆ ಹಾಕುವ ಗಡಿ. ಸೋನ್ಯಾ ಲಾಂಗ್ 2001ರಲ್ಲಿ ಹೊರತಂದ ಟೋಕಿ ಪೋನಾ ಎಂಬ ಪುಟ್ಟ ಭಾಷೆಯಲ್ಲಿ ‘ಲಾ’ ಎಂಬ ಕಣ, ಅಂದರೆ ಚಿಕ್ಕ ವ್ಯಾಕರಣಪದ, ಇದೆ. ಅದರ ಹಿಂದಿನದು ಸಂದರ್ಭ, ಮುಂದಿನದು ಹೇಳಿಕೆ. ‘ಮಳೆ ಲಾ, ನದಿ ಉಕ್ಕುತ್ತದೆ’ ಎಂಬ ಧಾಟಿ. ಷರತ್ತು, ಕಾಲ, ಸನ್ನಿವೇಶ ಎಲ್ಲವೂ ಅದೇ ಕಣದಲ್ಲಿ ಅಡಗುವುದರಿಂದ ‘ಮಳೆ ಬಂದಾಗ’ ಮತ್ತು ‘ಮಳೆ ಬಂದರೆ’ ಬೇರೆಯಾಗಿ ತೋರುವುದಿಲ್ಲ ಎಂಬುದು ಅದರ ಕೊರತೆ. ಆದರೆ ಷರತ್ತನ್ನು ಚೌಕಟ್ಟಾಗಿ ನೋಡುವ ಅದರ ದೃಷ್ಟಿ ಸರಿಯಾಗಿದೆ.

ನೀವು ಮಾಡಬಹುದಾದದ್ದು ಇಷ್ಟು. ಕೋಷ್ಟಕದ ಷರತ್ತನ್ನು ಗಣಿತದ ಪುರಾವೆಗಳಿಗಾಗಿ ‘ಮೊದಲನೆಯದು ಇಲ್ಲ ಅಥವಾ ಎರಡನೆಯದು ಇದೆ’ ಎಂಬ ಜೋಡಣೆಯ ರೂಪದಲ್ಲೇ ಉಳಿಸಿ, ಮಾತಿನ ಷರತ್ತಿಗೆ ಬೇರೆ ಚೌಕಟ್ಟಿನ ಕಣ ಕೊಡಿ. ‘ಬಂದಿದ್ದರೆ ಹೀಗಾಗುತ್ತಿತ್ತು’ ಎಂಬ, ನಡೆಯದೇ ಹೋದ ಸಂಗತಿಗೆ ಆ ಕಣದ ಮೇಲೆ ಇನ್ನೊಂದು ಗುರುತು ಬೇಕು. ‘ಬಂದರೆ ಮಾತ್ರ’ ಎಂಬುದನ್ನೂ ಮರೆಯಬೇಡಿ. ‘ಕೆಲಸ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ’ ಎಂದಾಗ ಮಕ್ಕಳು ಅದನ್ನು ‘ಮುಗಿಸಿದರೆ ಮಾತ್ರ’ ಎಂದೇ ಕೇಳಿಸಿಕೊಳ್ಳುತ್ತಾರೆ, ಆದ್ದರಿಂದ ಎರಡನ್ನೂ ಬೇರ್ಪಡಿಸಿ ಹೇಳುವ ದಾರಿ ಇರಲಿ. ಕಾರಣವಾಚಕಗಳಿಗೂ ಇದೇ ಎಚ್ಚರ ಅಗತ್ಯ. ಲೋಜ್ಬಾನ್ ಭೌತಿಕ ಕಾರಣ, ವ್ಯಕ್ತಿಯ ಉದ್ದೇಶ, ಸಮರ್ಥನೆ, ತಾರ್ಕಿಕ ನಿಷ್ಪತ್ತಿ ಎಂಬ ನಾಲ್ಕನ್ನು ಬೇರೆ ಬೇರೆ ಪದಗಳಿಂದ ಸೂಚಿಸುತ್ತದೆ. ನನ್ನ ದೃಷ್ಟಿಯಲ್ಲಿ ಆ ಭಾಷೆಯ ಅತ್ಯಂತ ಉಪಯುಕ್ತ ಭಾಗ ಅದೇ.

‘ಮತ್ತು’ವಿನ ಬಗ್ಗೆ ಎರಡು ಮಾತು. ‘ಇಬ್ಬರೂ ಸೇರಿ ಬಂಡೆಯನ್ನು ಎತ್ತಿದರು’ ಎಂಬಲ್ಲಿ ಒಬ್ಬೊಬ್ಬರೂ ಎತ್ತಿದರು ಎಂಬ ಅರ್ಥವಿಲ್ಲ. ಇದು ಸತ್ಯಕೋಷ್ಟಕಕ್ಕೆ ಸಿಗುವ ‘ಮತ್ತು’ ಅಲ್ಲ. ಗುಂಪಾಗಿ ಸೇರುವುದಕ್ಕೆ ಲೋಜ್ಬಾನ್‌ನಲ್ಲಿ ‘ಜೋಯ್’ ಎಂಬ ಬೇರೆ ಪದವಿದೆ, ನಿಮಗೂ ಒಂದು ಬೇಕು. ‘ಬಿದ್ದು ಎದ್ದ’, ‘ಎದ್ದು ಬಿದ್ದ’ ಎಂಬಲ್ಲಿನ ಕ್ರಮವೂ ಹಾಗೆಯೇ. ಇನ್ನು ‘ಬಡವ ಆದರೆ ಉದಾರಿ’ ಎಂಬಲ್ಲಿನ ‘ಆದರೆ’ ಸತ್ಯದ ಲೆಕ್ಕದಲ್ಲಿ ‘ಮತ್ತು’ವೇ, ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ 1879ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ನಿರೀಕ್ಷೆಯ ವಿರುದ್ಧ ಎಂಬ ಭಾವವನ್ನು ಸೂಚಿಸುವ ಒಂದು ಕಣವನ್ನು ‘ಮತ್ತು’ವಿನ ಜೊತೆ ಸೇರಿಸಿದರೆ ಸಾಕು.

ಪ್ರಶ್ನೆಗಳನ್ನು ನೀವು ಪತ್ರದಲ್ಲಿ ಕೇಳಿಲ್ಲವಾದರೂ ಅಲ್ಲಿಯೂ ಈ ತೊಡಕು ಕಾದಿದೆ. ‘ಬಸ್ಸೋ ರೈಲೋ?’ ಎಂದರೆ ಯಾವುದು ಎಂದು ಹೇಳಬೇಕು. ‘ಬಸ್ಸು ಅಥವಾ ರೈಲು ಇದೆಯೇ?’ ಎಂದರೆ ಹೌದು, ಇಲ್ಲ ಎಂದರೆ ಸಾಕು. ಫಿನ್ನಿಷ್ ಭಾಷೆ ಪ್ರಶ್ನೆಯ ಆಯ್ಕೆಗೆ ‘ವಾಯ್’, ಹೇಳಿಕೆಗೆ ‘ತಾಯ್’ ಎಂದು ಎರಡು ಪದಗಳನ್ನೇ ಇಟ್ಟುಕೊಂಡಿದೆ. ಲೋಜ್ಬಾನ್‌ನಲ್ಲಿ ಸಂಯೋಜಕದ ಜಾಗದಲ್ಲಿ ‘ಜಿ’ ಎಂಬ ಪ್ರಶ್ನಾಪದ ಬರುತ್ತದೆ. ಉತ್ತರವಾಗಿ ಸಂಯೋಜಕವನ್ನೇ ಹೇಳಬೇಕು, ‘ಎ’ ಎಂದರೆ ಎರಡೂ ಹೌದು. ಇದು ತರ್ಕಬದ್ಧ, ಆದರೆ ಕಲಿಯುವವರ ನಾಲಿಗೆಗೆ ಬರಲು ತಡವಾಗುತ್ತದೆ. ಫಿನ್ನಿಷ್‌ನ ದಾರಿಯೇ ನಿಮಗೆ ಅನುಕೂಲವೆಂದು ನನಗನಿಸುತ್ತದೆ.

ಒಟ್ಟಿನಲ್ಲಿ ನಿಮ್ಮ ಹದಿನಾರು ಪದಗಳಲ್ಲಿ ‘ಮತ್ತು’, ‘ಅಥವಾ’, ‘ಎರಡೂ ಒಂದೇ ಬಗೆ’ ಎಂಬ ಮೂರನ್ನು ಉಳಿಸಿ, ಉಳಿದವುಗಳನ್ನು ನಿಷೇಧದ ಗುರುತುಗಳಿಂದ ಪಡೆಯಿರಿ. ಬಿಡುಗಡೆಯಾದ ಪದಗಳನ್ನು ಗುಂಪು ತೆರೆಯುವ ಮತ್ತು ಮುಚ್ಚುವ ಕಣಗಳಿಗೆ, ಹೊರಗಿನ ನಿಷೇಧಕ್ಕೆ, ಷರತ್ತಿನ ಚೌಕಟ್ಟಿಗೆ, ಸಾಮೂಹಿಕ ‘ಮತ್ತು’ವಿಗೆ, ಪ್ರಶ್ನೆಯ ‘ಅಥವಾ’ಕ್ಕೆ ಹಂಚಿ. ಇದರ ಬೆಲೆಯೆಂದರೆ ವಾಕ್ಯಗಳು ತುಸು ಉದ್ದವಾಗುತ್ತವೆ, ಮತ್ತು ಈಗಾಗಲೇ ಬರೆದ ಪಠ್ಯಗಳನ್ನು ತಿದ್ದಬೇಕಾಗುತ್ತದೆ. ತಿದ್ದಿದ ಮೇಲೆ ಗೆಳೆಯರಿಗೆ ಪದಗಳ ಅರ್ಥವನ್ನು ಕೇಳಬೇಡಿ. ಬಾಗಿಲು, ದೀಪ, ಕಾವಲುಗಾರ ಎಂಬ ಮೂರರ ಎಂಟು ಸ್ಥಿತಿಗಳನ್ನೂ ಚಿತ್ರಗಳಾಗಿ ಬರೆದು, ನಿಮ್ಮ ಭಾಷೆಯ ಒಂದು ವಾಕ್ಯವನ್ನು ಓದಿ, ಅದು ಯಾವ ಯಾವ ಚಿತ್ರಗಳಿಗೆ ಹೊಂದುತ್ತದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಗುರುತು ಹಾಕಲಿ. ಗುರುತುಗಳು ಎಲ್ಲಿ ಬೇರೆಯಾಗುತ್ತವೆಯೋ ಆ ಚಿತ್ರವೇ ನಿಮ್ಮ ವ್ಯಾಕರಣದ ಯಾವ ನಿಯಮ ಇನ್ನೂ ಸಡಿಲವಾಗಿದೆ ಎಂಬುದನ್ನು ತೋರಿಸಿಕೊಡುತ್ತದೆ.